‘ಅನಾದಿಯಿಂದ’ ಎಂಬ ಮಾತು

ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಒಂದು ವಿಷಯ ಚರ್ಚೆಗೆ ಬಂದು, ಚರ್ಚೆಯಾಗದೆಯೇ ಮುಂದಕ್ಕೆ ಹೋಯಿತು. ನಮ್ಮದು ಕಾಫಿ, ಅಡಿಕೆ ಬೆಳೆಗಾರರ ಸಂಘವಾದರೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಸದಸ್ಯರ ತೋಟಗಳಲ್ಲಿ ತೆಂಗೇ ಯಜಮಾನ, ಅಡಿಕೆ ಅದರ ನೆರಳಿನ ಒಕ್ಕಲು ಎಂಬುದು ಎಲ್ಲರಿಗೂ ತಿಳಿದದ್ದೆ. ಆದ್ದರಿಂದ ಸಂಘದ ಮೀಸಲು ನಿಧಿಯಲ್ಲಿ ಒಂದು ಭಾಗ ತೆಗೆದು ಸಣ್ಣದೊಂದು ಎಣ್ಣೆ ಗಾಣವನ್ನೂ, ತೆಂಗಿನ ಚಿಪ್ಪನ್ನು ಇದ್ದಿಲು ಮಾಡುವ ಒಂದು ಘಟಕವನ್ನೂ ಹಾಕಬಹುದೇ ಎಂದು ಕಾರ್ಯದರ್ಶಿಯಾದ ನಾನೇ ಟಿಪ್ಪಣಿ ಮಂಡಿಸಿದ್ದೆ. ಓದಿ ಮುಗಿಸುವ ಮೊದಲೇ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, “ನಮ್ಮದು ತಿನ್ನೋ ಕೊಬ್ಬರಿ ಸ್ವಾಮಿ. ಅನಾದಿಯಿಂದ ಉತ್ತರದವರು ತಿಂತಿದಾರೆ, ಮುಂದೂ ತಿಂತಾರೆ. ಅಡಿಕೆ ಅನಾದಿಯಿಂದ ಜಗೀತಿದಾರೆ, ಮುಂದೂ ಜಗೀತಾರೆ. ಎಣ್ಣೆ, ಇದ್ದಿಲು ಅಂತ ನಾವ್ಯಾಕೆ ಕೈ ಮಸಿ ಮಾಡ್ಕೋಬೇಕು?” ಎಂದರು. ಸಭೆ ತಲೆದೂಗಿತು. ವಿಷಯವನ್ನು ವಾರ್ಷಿಕ ಮಹಾಸಭೆಗೆ ಬಿಡಲಾಯಿತು.

ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದರಲ್ಲಿ ಅರ್ಧ ನಿಜವೂ ಹೌದು. ಆದರೆ ‘ಅನಾದಿ’ ಎಂಬ ಆ ಒಂದು ಶಬ್ದ ಮನೆಗೆ ಬಂದರೂ ಬೆನ್ನು ಬಿಡಲಿಲ್ಲ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದರೆ ಸೋಪು. ಅಡುಗೆಮನೆಯಲ್ಲಿ ನೀರು ಸೋಸುವ ಯಂತ್ರ. ಕನ್ನಡಿಯ ಮುಂದೆ ನೀಲಿ ಬಣ್ಣದ ಕೊಬ್ಬರಿ ಎಣ್ಣೆ ಬಾಟಲಿ. ಬೇಲಿಯ ಬುಡದಲ್ಲಿ ಯಾರೋ ಉಗಿದು ಎಸೆದ ಪಾನ್ ಮಸಾಲೆ ಚೀಟು. ಇವೆಲ್ಲವೂ ನಮ್ಮ ತೋಟದಿಂದಲೇ ಹೊರಟು ಬೇರೆ ವೇಷ ಹಾಕಿಕೊಂಡು ಬಂದ ವಸ್ತುಗಳು. ಇವುಗಳಲ್ಲಿ ಅನಾದಿ ಯಾವುದು, ಮೊನ್ನೆಯದು ಯಾವುದು ಎಂದು ವಿಚಾರಿಸುತ್ತಾ ಹೋದಾಗ ಕಂಡದ್ದನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇನೆ. ಮಹಾಸಭೆಯಲ್ಲಿ ಕೈ ಎತ್ತುವ ಮೊದಲು ಓದಿಕೊಂಡು ಬಂದರೆ ಉಪಕಾರವಾದೀತು.

ತೆಂಗಿನ ಮರವಂತೂ ಹಳೆಯದೇ, ಅದರಲ್ಲಿ ತಕರಾರಿಲ್ಲ. ಲೋಕದ ಬೇರೆ ಬೇರೆ ಭಾಗಗಳ ಸಾವಿರಕ್ಕೂ ಹೆಚ್ಚು ಮರಗಳ ವಂಶವಾಹಿ ಪರೀಕ್ಷಿಸಿ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮನುಷ್ಯ ತೆಂಗನ್ನು ಕೃಷಿಗೆ ತಂದದ್ದು ಎರಡು ಕಡೆ: ಒಂದು ಪೆಸಿಫಿಕ್ ಕಡೆಯ ದ್ವೀಪಗಳಲ್ಲಿ, ಇನ್ನೊಂದು ದಕ್ಷಿಣ ಭಾರತ, ಸಿಂಹಳ, ಲಕ್ಷದ್ವೀಪ, ಮಾಲ್ಡೀವ್ಸ್ ಇರುವ ನಮ್ಮ ಈ ಸೀಮೆಯಲ್ಲಿ. ಕಾಯಿಯ ಮೂರು ಕಣ್ಣು ನೋಡಿ ನಮ್ಮವರು ಮುಕ್ಕಣ್ಣ ಎಂದು ಕೈಮುಗಿದರು. ಅದೇ ಮೂರು ಕಣ್ಣನ್ನು ನೋಡಿದ ಪೋರ್ಚುಗೀಸ್ ನಾವಿಕರಿಗೆ ಹಲ್ಲು ಕಿರಿಯುವ ಗುಮ್ಮ ಕಂಡ. ಮಕ್ಕಳನ್ನು ಹೆದರಿಸುವ ಗುಮ್ಮನಿಗೆ ಅವರ ಭಾಷೆಯಲ್ಲಿ ‘ಕೋಕೋ’ ಎಂದು ಹೆಸರು. ಇಂಗ್ಲಿಷಿನವರು ಇಂದಿಗೂ ಕೋಕನಟ್ ಎನ್ನುವಾಗ ಆ ಗುಮ್ಮನನ್ನೇ ಕರೆಯುತ್ತಿದ್ದಾರೆ.

ಆದರೆ ಮರ ಹಳೆಯದೆಂದ ಮಾತ್ರಕ್ಕೆ ಮರದ ಮೇಲಿನ ವ್ಯಾಪಾರ ಹಳೆಯದಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲವನ್ನೇ ತೆಗೆದುಕೊಳ್ಳಿ. ಎಳ್ಳು ನಮ್ಮದು, ಬೆಲ್ಲ ನಮ್ಮದು, ಕೊಬ್ಬರಿ ನಮ್ಮದು. ಕಡಲೆಕಾಯಿ ಬೀಜ? ಅದು ದಕ್ಷಿಣ ಅಮೆರಿಕದ ಗಿಡ. ಕೊಲಂಬಸನ ನಂತರ ಹಡಗು ಹತ್ತಿ ಈ ಕಡೆ ಬಂದದ್ದು. ಶಾಸ್ತ್ರೋಕ್ತವೆಂದು ತಟ್ಟೆಯಲ್ಲಿ ಹಂಚುವ ಮಿಶ್ರಣದಲ್ಲೇ ಒಬ್ಬ ಪರದೇಶಿ ಇಷ್ಟು ಸಲೀಸಾಗಿ ಕುಳಿತಿರುವಾಗ ಮಿಕ್ಕದ್ದನ್ನು ಕೇಳುವುದೇನು!

ನಮ್ಮ ಉಂಡೆ ಕೊಬ್ಬರಿಯ ಕ್ರಮ ಹಳೆಯದೇ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವರು ವರ್ಷವಿಡೀ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಅಟ್ಟದ ಮೇಲೆ ಇಲಿ ಓಡಿದರೆ ಸಾಕು, ರಾತ್ರಿಯೆಲ್ಲ ಕಾಯಿ ಉರುಳುವ ಸದ್ದು. ನನ್ನ ಅಜ್ಜಿ ಆ ಸದ್ದಿನ ಮೇಲೇ ಸುಗ್ಗಿಯ ಲೆಕ್ಕ ಹೇಳುತ್ತಿದ್ದರು. ಈ ಉಂಡೆ ಕೊಬ್ಬರಿ ಡೆಲ್ಲಿ, ರಾಜಸ್ಥಾನ, ಉತ್ತರ ಪ್ರದೇಶಗಳ ಮದುವೆಗೆ, ದೀಪಾವಳಿಗೆ, ಮಿಠಾಯಿಗೆ ಒಣ ಹಣ್ಣುಗಳ ಜೊತೆ ಹೋಗುತ್ತದೆ. ಆದರೆ ಇಷ್ಟು ದೂರಕ್ಕೆ ಮೂಟೆಗಟ್ಟಲೆ ಮಾಲು ಎತ್ತಿನ ಗಾಡಿಯಲ್ಲಿ ಹೋಗುತ್ತಿತ್ತೆಂದು ನಂಬುವುದು ಕಷ್ಟ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೇಲೆ ಹರಿಹರ ಮುಟ್ಟಿ ಪುಣೆಯ ಕಡೆಗೆ ಸೇರುವ ರೈಲುದಾರಿ ಪೂರ್ತಿಯಾದದ್ದು 1889ರಲ್ಲಿ. ನನ್ನ ಅಭಿಪ್ರಾಯದಲ್ಲಿ ನಮ್ಮ ಹಿರಿಯರ ‘ಅನಾದಿ’ ಆ ರೈಲಿನ ಗಾರ್ಡು ಹಸಿರು ನಿಶಾನೆ ತೋರಿಸಿದ ದಿನದಿಂದ ಮೊದಲಾಗುತ್ತದೆ.

ಈಗ ಸೋಪಿನ ವಿಷಯಕ್ಕೆ ಬರುತ್ತೇನೆ. ನಾನು ಓದಿದ್ದು ರಸಾಯನಶಾಸ್ತ್ರ. ಪದವಿ ಪಡೆದ ಮೇಲೆ ಅದು ನನಗೆ ಬೋರ್ಡೋ ದ್ರಾವಣ ಕಲಸಲು ಬಿಟ್ಟರೆ ಹೆಚ್ಚಾಗಿ ಒದಗಿಲ್ಲ. ಆದರೂ ಒಂದು ಪಾಠ ನೆನಪಿದೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧಪಾಲು ಇರುವುದು ಲಾರಿಕ್ ಆಮ್ಲ. ಈ ಆಮ್ಲ ಕ್ಷಾರದೊಡನೆ ಸೇರಿ ಸೋಪಾದಾಗ ನೀರಿನಲ್ಲಿ ಬೇಗ ಕರಗಿ ಧಾರಾಳವಾಗಿ ನೊರೆ ಕೊಡುತ್ತದೆ. ದನದ ಕೊಬ್ಬಿನ ಸೋಪು ಗಟ್ಟಿ ಇರುತ್ತದೆ, ನೊರೆ ಜಿಪುಣ. ಕೊಬ್ಬರಿ ಎಣ್ಣೆಯದೋ ಸಮುದ್ರದ ಉಪ್ಪುನೀರಿನಲ್ಲೂ ನೊರೆಯಾಗುತ್ತದೆ. ಹಡಗಿನವರು ಹಿಂದೆ ಅದನ್ನೇ ಬಳಸುತ್ತಿದ್ದರು. ಇಂಗ್ಲೆಂಡಿನ ಲಿವರ್ ಸೋದರರು 1880ರ ದಶಕದಲ್ಲಿ ‘ಸನ್‌ಲೈಟ್’ ಸೋಪು ಹೊರಡಿಸಿದಾಗ ಅದರ ಹೆಚ್ಚುಗಾರಿಕೆಯೇ ಇದು: ಕೊಬ್ಬರಿ ಮತ್ತು ತಾಳೆಬೀಜದ ಎಣ್ಣೆ ಸೇರಿಸಿ ನೊರೆ ಹೆಚ್ಚಿಸಿದ್ದು. 1888ರಲ್ಲಿ ಆ ಸೋಪಿನ ಪೆಟ್ಟಿಗೆಗಳು ಕಲ್ಕತ್ತದ ಬಂದರಿನಲ್ಲಿ ಇಳಿದವು. ಅಂದರೆ ತೆಂಗಿನ ಒಂದು ತವರುಮನೆಗೆ, ತೆಂಗಿನ ನೊರೆ, ಸಮುದ್ರ ದಾಟಿ, ಕಾಗದದ ಹೊದಿಕೆ ಹಾಕಿಕೊಂಡು, ಬೆಲೆ ಕಟ್ಟಿಸಿಕೊಂಡು ಬಂತು! ಅದಕ್ಕೂ ಮುಂಚೆ ನಮ್ಮಲ್ಲಿ ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟು ಇದ್ದವು. ಸೋಪು ಹಾಕಿ ಮೀಯದವನು ಕೊಳಕ ಎಂಬ ಭಾವನೆ ಆಮೇಲಿನದು, ಅದನ್ನು ಹುಟ್ಟಿಸಿದ್ದು ಜಾಹೀರಾತು.

ಆ ಲಿವರ್ ಕಂಪನಿ ಕೊಬ್ಬರಿಗೋಸ್ಕರ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ತೋಟಗಳನ್ನೇ ಮಾಡಿತು. ಮೊದಲ ಮಹಾಯುದ್ಧದಲ್ಲಿ ಇನ್ನೊಂದು ಸೋಜಿಗ ನಡೆಯಿತು. ಸೋಪು ಬೇಯಿಸುವಾಗ ಉಳಿಯುವ ಗ್ಲಿಸರಿನ್‌ನಿಂದ ಸಿಡಿಮದ್ದು ಆಗುತ್ತದೆ. ಹಾಗಾಗಿ ಎಣ್ಣೆ, ಕೊಬ್ಬು ಯುದ್ಧದ ಸರಕಾದವು. ಅದೇ ಯುದ್ಧದಿಂದ ನಮ್ಮ ಮೈಸೂರು ಸೀಮೆಯ ಗಂಧದ ಮರ ಜರ್ಮನಿಗೆ ಹೋಗುವುದು ನಿಂತು, ಮರ ಇಲ್ಲಿ ರಾಶಿ ಬಿದ್ದಿತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಇಲ್ಲಿಯೇ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ತೆರೆಯಿತು; ಅದರ ಬೆನ್ನಿಗೇ ಸ್ಯಾಂಡಲ್ ಸೋಪು ಬಂತು. ಬಂಧುಗಳು ಗಮನಿಸಬೇಕಾದ್ದು: ಆಗ ಮೈಸೂರಿನವರು “ಮರ ಅನಾದಿಯಿಂದ ಜರ್ಮನಿಗೆ ಹೋಗ್ತಿತ್ತು, ಮುಂದೂ ಹೋಗುತ್ತೆ” ಎಂದು ಕಾದು ಕೂರಲಿಲ್ಲ.

ನೊರೆಯ ಕಥೆ ಹೀಗಾದರೆ ಚಿಪ್ಪಿನ ಕಥೆ ಇನ್ನೂ ವಿಚಿತ್ರ. ನಮ್ಮಲ್ಲಿ ಚಿಪ್ಪಿಗೆ ಏನು ಮರ್ಯಾದೆ? ಬಚ್ಚಲ ಒಲೆ, ಇಸ್ತ್ರಿ ಪೆಟ್ಟಿಗೆಯ ಕೆಂಡ, ಸೌಟು. ಕೈಗೆ ಏನೂ ದಕ್ಕದಿದ್ದರೆ “ಚಿಪ್ಪು ಕೊಟ್ಟ” ಎನ್ನುತ್ತೇವೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ ಎಂಬಲ್ಲಿ ಜರ್ಮನರು ಶತ್ರುಗಳ ಮೇಲೆ ಕ್ಲೋರಿನ್ ವಿಷಾನಿಲ ಬಿಟ್ಟರು. ವಿಷವನ್ನು ಹೀರಿಕೊಳ್ಳುವ ಇದ್ದಿಲು ತುಂಬಿದ ಮುಖವಾಡ ಬೇಕಾಯಿತು. ಯಾವ ಇದ್ದಿಲು ಒಳ್ಳೆಯದೆಂದು ಅಮೆರಿಕದವರು ಹತ್ತಾರು ವಸ್ತು ಸುಟ್ಟು ನೋಡಿದರು. ಗಟ್ಟಿಯಾಗಿ, ದಟ್ಟವಾಗಿ, ಸೂಕ್ಷ್ಮ ರಂಧ್ರಗಳಿಂದ ತುಂಬಿದ ಇದ್ದಿಲು ಸಿಕ್ಕಿದ್ದು ತೆಂಗಿನ ಚಿಪ್ಪಿನಿಂದ. ಚಿಪ್ಪು ಸಾಲದಾದಾಗ 1918ರಲ್ಲಿ ಊರೂರ ಬೀದಿಗಳಲ್ಲಿ ಡಬ್ಬ ಇಟ್ಟು, ಪೀಚ್, ಏಪ್ರಿಕಾಟ್, ಪ್ಲಮ್ ಹಣ್ಣುಗಳ ಓಟೆಗಳನ್ನು ತಿಂದವರಿಂದ ಕೂಡಿಹಾಕಿದರು. ಸ್ಕೌಟ್ ಹುಡುಗರು ಮನೆಮನೆಗೆ ಹೋಗಿ ತಂದರು. ಒಂದು ದೊಡ್ಡ ದೇಶ ನಮ್ಮ ಚಿಪ್ಪಿಗೆ ಬದಲಿ ಹುಡುಕುತ್ತಾ ಓಟೆ ಆಯುತ್ತಿದ್ದ ಕಾಲದಲ್ಲಿ ನಾವು ಅದರಿಂದ ಸ್ನಾನದ ನೀರು ಕಾಯಿಸುತ್ತಿದ್ದೆವು.

ಆ ಮುಖವಾಡದ ಇದ್ದಿಲೇ ಇಂದು ಪಟ್ಟಣದ ಅಡುಗೆಮನೆಗಳ ನೀರು ಸೋಸುವ ಯಂತ್ರದೊಳಗೆ ಕೂತಿದೆ. ಚಿಪ್ಪನ್ನು ಗಾಳಿ ಕಡಿಮೆ ಮಾಡಿ ಸುಟ್ಟರೆ ಇದ್ದಿಲು. ಆ ಇದ್ದಿಲನ್ನು ಕೆಂಡವಾಗುವಷ್ಟು ಶಾಖದಲ್ಲಿ ಆವಿ ಹಾಯಿಸಿ ಹದಗೊಳಿಸಿದರೆ ಅದರೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ರಂಧ್ರ ತೆರೆಯುತ್ತವೆ. ಒಂದೇ ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರಿನಷ್ಟಾಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ! ಹತ್ತು ಗುಂಟೆ ಜಮೀನಿಗೆ ಅಣ್ಣತಮ್ಮಂದಿರು ನ್ಯಾಯಾಲಯ ಹತ್ತಿದ್ದನ್ನು ನಾನೂ ಕಂಡಿದ್ದೇನೆ, ನೀವೂ ಕಂಡಿದ್ದೀರಿ. ಆ ವಿಸ್ತಾರವೇ ನೀರಿನ ಬಣ್ಣ, ವಾಸನೆ, ಕ್ಲೋರಿನ್‌ಗಳನ್ನು ಹಿಡಿದಿಡುತ್ತದೆ. ಚಿನ್ನದ ಗಣಿಗಳಲ್ಲಿ ದ್ರಾವಣದೊಳಗಿನ ಚಿನ್ನವನ್ನು ಹಿಡಿಯಲೂ ಇದನ್ನೇ ಬಳಸುತ್ತಾರೆ. ಹದಗೊಳಿಸುವ ಎರಡನೆಯ ಕೆಲಸ ದೊಡ್ಡ ಬಂಡವಾಳದ್ದು, ನಮ್ಮಿಂದ ಆಗದು. ಮೊದಲನೆಯದಾದ ಸುಡುವ ಕೆಲಸ ಆಗುತ್ತದೆ. ಹೊಗೆಗೆ ತಕ್ಕ ವ್ಯವಸ್ಥೆ ಮಾಡದೆ ಊರ ಮಗ್ಗುಲಲ್ಲಿ ಹಾಕಿದರೆ ಜನ ನಮ್ಮನ್ನು ಬೈಯುವುದು ಮಾತ್ರ ಖಂಡಿತ. ಅದರ ಖರ್ಚನ್ನೂ ಟಿಪ್ಪಣಿಯಲ್ಲಿ ಸೇರಿಸಿದ್ದೇನೆ.

ಇನ್ನು ನೀಲಿ ಬಾಟಲಿ. ಇದನ್ನು ಬರೆಯಲು ನನಗೆ ಸ್ವಲ್ಪ ಸಂಕೋಚ, ಏಕೆಂದರೆ ಇದರಲ್ಲಿ ನನ್ನ ಪಾಲೂ ಇದೆ.

ನನ್ನ ಬಾಲ್ಯದಲ್ಲಿ ಅಂಗಡಿಯ ಕೊಬ್ಬರಿ ಎಣ್ಣೆ ಬರುತ್ತಿದ್ದದ್ದು ತಗಡಿನ ಡಬ್ಬದಲ್ಲಿ. ಬೊಂಬಾಯಿಯ ಬಾಂಬೆ ಆಯಿಲ್ ಇಂಡಸ್ಟ್ರೀಸ್ ಎಂಬ ಮನೆತನದ ಸಂಸ್ಥೆ ‘ಪ್ಯಾರಾಶೂಟ್’ ಎಣ್ಣೆಯನ್ನು ಮಾರುತ್ತಿತ್ತು. ಆ ಮನೆಯ ಹರ್ಷ ಮಾರಿವಾಲಾ ಎಂಬುವರು 1980ರ ದಶಕದಲ್ಲಿ ತಗಡಿಗೆ ಬದಲು ಪ್ಲಾಸ್ಟಿಕ್ ಬಾಟಲಿ ತರಲು ಹೊರಟರು: ಖರ್ಚು ಕಡಿಮೆ, ನೋಟ ಚೆನ್ನ. ಅಂಗಡಿಯವರು ಒಪ್ಪಲಿಲ್ಲ. ಕಾರಣ ಕೇಳಿದರೆ, ಹಿಂದೆ ಇನ್ಯಾರೋ ಚೌಕಾಕಾರದ ಪ್ಲಾಸ್ಟಿಕ್ ಬಾಟಲಿ ತಂದಿದ್ದರಂತೆ. ಎಣ್ಣೆ ಜಿನುಗಿತು, ವಾಸನೆಗೆ ಇಲಿ ಬಂತು, ಮೂಲೆಯನ್ನು ಕಚ್ಚಿ ತೂತು ಮಾಡಿತು, ಅಂಗಡಿಯೆಲ್ಲ ಎಣ್ಣೆಯಾಯಿತು. ಇವರು ಮೂಲೆಯೇ ಇಲ್ಲದ ದುಂಡನೆ ಬಾಟಲಿ ಮಾಡಿಸಿದರು. ಹಲ್ಲು ಊರಲು ಇಲಿಗೆ ಅಂಚು ಸಿಗಬಾರದು. ಬಾಯಿಯಲ್ಲಿ ಒಂದು ತೊಟ್ಟೂ ಜಿನುಗದಂತೆ ನೋಡಿಕೊಂಡರು. ಆಮೇಲೆ ಒಂದು ಬೋನಿನಲ್ಲಿ ಇಲಿಗಳನ್ನೂ ಬಾಟಲಿಗಳನ್ನೂ ಒಟ್ಟಿಗೆ ಎರಡು ಮೂರು ದಿನ ಕೂಡಿಹಾಕಿ, ಬಾಟಲಿ ಹಾಗೇ ಉಳಿದದ್ದನ್ನು ಚಿತ್ರ ತೆಗೆದು ಅಂಗಡಿ ಅಂಗಡಿಗೂ ತೋರಿಸಿದರು. ಇದು ಅವರೇ ಹಲವು ಸಲ ಹೇಳಿರುವ ಸಂಗತಿ. ತಗಡಿನಿಂದ ಪ್ಲಾಸ್ಟಿಕ್ಕಿಗೆ ಪೂರ್ತಿ ಬದಲಾಗಲು ವರ್ಷಗಳೇ ಹಿಡಿದವು. 1990ರಲ್ಲಿ ಅದೇ ವ್ಯವಹಾರ ಮಾರಿಕೋ ಎಂಬ ಬೇರೆ ಕಂಪನಿಯಾಯಿತು. ಇಂದು ಕೊಬ್ಬರಿ ಎಣ್ಣೆ ಎಂದರೆ ದುಂಡು ನೀಲಿ ಬಾಟಲಿ ಎಂದು ಮಕ್ಕಳೂ ಚಿತ್ರ ಬರೆಯುತ್ತವೆ. ಆ ದುಂಡು ಸೌಂದರ್ಯಕ್ಕಾಗಿ ಬಂದದ್ದಲ್ಲ, ಇಲಿಗಾಗಿ ಬಂದದ್ದು.

ಈ ಕಥೆ ನನಗೆ ಇಪ್ಪತ್ತು ವರ್ಷ ಮೊದಲೇ ಗೊತ್ತಿದ್ದರೆ ಸಂಘಕ್ಕೆ ನಷ್ಟವಾಗುತ್ತಿರಲಿಲ್ಲ. ಹಳೆಯ ಸದಸ್ಯರಿಗೆ ನೆನಪಿರಬಹುದು: ಆಗ ನಾನು ಮಂಡಳಿಯ ಬರಿಯ ನಿರ್ದೇಶಕ. ಒಡೆದ ಮತ್ತು ಸಣ್ಣ ಕೊಬ್ಬರಿಯನ್ನು ವ್ಯಾಪಾರಿಗೆ ಅಗ್ಗಕ್ಕೆ ಕೊಡುವ ಬದಲು ಎಣ್ಣೆ ಮಾಡಿಸಿ ಸಂಘದ ಹೆಸರಿನಲ್ಲೇ ಮಾರೋಣವೆಂದು ವಾದಿಸಿ ಗೆದ್ದೆ. ಗೆದ್ದ ಹುಮ್ಮಸ್ಸಿನಲ್ಲಿ ಡಬ್ಬಿಯ ಆಕಾರವನ್ನೂ ನಾನೇ ನಿಶ್ಚಯಿಸಿದೆ. ಚೌಕ. ಉರುಳುವುದಿಲ್ಲ, ಒಂದರ ಮೇಲೊಂದು ಒಪ್ಪವಾಗಿ ಕೂರುತ್ತದೆ, ಗೋದಾಮಿನಲ್ಲಿ ಜಾಗ ಉಳಿಯುತ್ತದೆ ಎಂದು ನನ್ನ ಲೆಕ್ಕ. ಮಳೆಗಾಲದಲ್ಲಿ ಗೋದಾಮಿನ ಬಾಗಿಲು ತೆಗೆದ ದಿನದ ವಾಸನೆ ಈಗಲೂ ಮೂಗಿನಲ್ಲಿದೆ. ಡಬ್ಬಿಗಳ ಮೂಲೆಗಳೆಲ್ಲ ತೂತು, ಎಣ್ಣೆ ನೆಲದ ಮೇಲೆ, ಉಳಿದದ್ದಕ್ಕೆ ಕೌಟು ಹಿಡಿದಿತ್ತು. ಆ ವರ್ಷದ ಮಹಾಸಭೆಯಲ್ಲಿ ಒಬ್ಬರು “ಇಲಿಗೆ ಮೂಲೆ ಕೊಟ್ಟು, ನಮಗೆ ಚಿಪ್ಪು ಕೊಟ್ರಿ” ಎಂದರು. ಉತ್ತರ ಇರಲಿಲ್ಲ. ಅಂದಿನಿಂದ ಸಂಘದಲ್ಲಿ ಎಣ್ಣೆ ಎಂದರೆ ಎಲ್ಲರೂ ಕೈ ಒರೆಸಿಕೊಳ್ಳುತ್ತಾರೆ. ಆದರೆ ಅಂದು ಕೆಟ್ಟದ್ದು ಡಬ್ಬಿ. ಎಣ್ಣೆ ಚೆನ್ನಾಗಿಯೇ ಇತ್ತು. ಕೊಂಡ ಮನೆಗಳವರು ಮತ್ತೆ ಕೇಳಿಕೊಂಡು ಬಂದಿದ್ದರು.

ಬಾಟಲಿಯ ಒಳಗಿರುವುದು ತಲೆಗೋ ಹೊಟ್ಟೆಗೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತೆಂದರೆ ಕೆಲವರು ನಗಬಹುದು. ಅಡುಗೆ ಎಣ್ಣೆಗೆ ತೆರಿಗೆ ಕಡಿಮೆ, ತಲೆಗೆ ಹಚ್ಚುವ ಎಣ್ಣೆಗೆ ಹೆಚ್ಚು. ಸಣ್ಣ ಬಾಟಲಿಯಲ್ಲಿರುವುದೆಲ್ಲ ತಲೆಗೆ ಎಂದು ತೆರಿಗೆ ಇಲಾಖೆಯ ವಾದ. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ತಲೆಗೊಂದು ಅಭಿಪ್ರಾಯ ಕೊಟ್ಟರು. ಕೊನೆಗೆ 2024ರ ಡಿಸೆಂಬರ್ 18ರಂದು ಮೂವರ ಪೀಠ, ಶುದ್ಧ ಕೊಬ್ಬರಿ ಎಣ್ಣೆ ಸಣ್ಣ ಬಾಟಲಿಯಲ್ಲಿದ್ದರೂ ತಿನ್ನುವ ಎಣ್ಣೆಯೇ; ತಲೆಗೆಣ್ಣೆ ಎಂದು ಮೇಲೆ ಬರೆದು ಮಾರಿದರೆ ಮಾತ್ರ ತಲೆಗೆಣ್ಣೆ ಎಂದು ತೀರ್ಮಾನಿಸಿತು. 2025ರ ಸೆಪ್ಟೆಂಬರ್ 22ರಿಂದ ತಲೆಗೆಣ್ಣೆಯ ತೆರಿಗೆಯೂ ಶೇಕಡ 18ರಿಂದ 5ಕ್ಕೆ ಇಳಿದು ಆ ಜಗಳದ ಬುಡವೇ ಹೋಯಿತು. ನಮ್ಮಂಥ ಸಣ್ಣ ಸಂಘಕ್ಕೆ ಇದರಷ್ಟು ಒಳ್ಳೆಯ ಸುದ್ದಿ ಬೇರೆ ಬೇಕಿಲ್ಲ. ಇಲಾಖೆಯ ನೋಟೀಸಿನ ಭಯವಿಲ್ಲದೆ ನೂರು ಮಿಲಿಲೀಟರಿನ ಬಾಟಲಿಯನ್ನೂ ತುಂಬಬಹುದು.

ತಿನ್ನುವ ಎಣ್ಣೆ ಎಂದ ಮೇಲೆ ಪಾಪ್‌ಕಾರ್ನ್ ವಿಷಯ ಹೇಳಿಬಿಡುತ್ತೇನೆ. ಅಮೆರಿಕದ ಸಿನಿಮಾ ಮಂದಿರಗಳಲ್ಲಿ ಜೋಳದ ಅರಳು ಹುರಿಯುತ್ತಿದ್ದದ್ದು ಬಹುಮಟ್ಟಿಗೆ ಕೊಬ್ಬರಿ ಎಣ್ಣೆಯಲ್ಲಿ. ಆ ಘಮವೇ ಜನರನ್ನು ಎಳೆಯುತ್ತಿತ್ತು. 1980ರ ದಶಕದಲ್ಲಿ ಅಲ್ಲಿಯ ಸೋಯಾ ಬೆಳೆಗಾರರ ಸಂಘ ಉಷ್ಣದೇಶಗಳ ಎಣ್ಣೆಗಳು ಹೃದಯಕ್ಕೆ ಕೇಡು ಎಂದು ಪ್ರಚಾರ ಹೂಡಿತು. 1988ರಲ್ಲಿ, ತಾನೇ ಹೃದಯಾಘಾತದಿಂದ ಬದುಕಿ ಉಳಿದಿದ್ದ ಫಿಲ್ ಸೊಕೊಲಾಫ್ ಎಂಬ ಶ್ರೀಮಂತರು ಪತ್ರಿಕೆಗಳಲ್ಲಿ ಪುಟತುಂಬ ಜಾಹೀರಾತು ಕೊಟ್ಟು ಬಿಸ್ಕತ್ತು ಕಂಪನಿಗಳಿಂದ ಕೊಬ್ಬರಿ ಎಣ್ಣೆ ಬಿಡಿಸಿದರು. 1994ರಲ್ಲಿ ಪಾಪ್‌ಕಾರ್ನ್‌ನಿಂದಲೂ ಹೋಯಿತು. ಅದರ ಜಾಗಕ್ಕೆ ಬಹಳ ಕಡೆ ಬಂದದ್ದು ಅರೆಬರೆ ಹೆಪ್ಪುಗಟ್ಟಿಸಿದ ಸೋಯಾ ಎಣ್ಣೆ. ಅದರಲ್ಲಿನ ಟ್ರಾನ್ಸ್ ಕೊಬ್ಬು ಅದಕ್ಕಿಂತ ಕೇಡೆಂದು ಆಮೇಲೆ ತಿಳಿದು, 2015ರಲ್ಲಿ ಅಮೆರಿಕ ಸರ್ಕಾರ ಅದನ್ನು ಆಹಾರದಿಂದ ತೆಗೆಯಲು ಆಜ್ಞೆ ಮಾಡಿತು. ಇಷ್ಟಕ್ಕೇ ನಾವು ಎದೆ ತಟ್ಟಿಕೊಳ್ಳಬೇಕಾಗಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಶೇಕಡ 90ರಷ್ಟು ಪರ್ಯಾಪ್ತ ಕೊಬ್ಬು ಇರುವುದು ನಿಜ. 2017ರಲ್ಲಿ ಅಮೆರಿಕದ ಹೃದಯ ತಜ್ಞರ ಸಂಘ ಮತ್ತೆ ಎಚ್ಚರಿಕೆ ಹೇಳಿತು. ಅದೇ ಹೊತ್ತಿನಲ್ಲಿ ಅದೇ ದೇಶದ ಅಂಗಡಿಗಳಲ್ಲಿ ಕೊಬ್ಬರಿ ಎಣ್ಣೆಯನ್ನು ಅಮೃತವೆಂಬಂತೆ ಗಾಜಿನ ಭರಣಿಯಲ್ಲಿಟ್ಟು ಮಾರಿದರು. ನಾನು ವೈದ್ಯನಲ್ಲ. ನನಗೆ ಕಾಣುವುದಿಷ್ಟು: ಒಬ್ಬ ಸೋಯಾ ರೈತನ ಸಂಘ ತನ್ನ ಮಾಲಿಗಾಗಿ ಒಂದು ದೇಶದ ನಾಲಿಗೆಯ ರುಚಿಯನ್ನೇ ಹತ್ತು ವರ್ಷದಲ್ಲಿ ತಿರುಗಿಸಿಬಿಟ್ಟಿತು. ಅದೂ ಬೆಳೆಗಾರರ ಸಂಘವೇ, ನಮ್ಮದೂ ಬೆಳೆಗಾರರ ಸಂಘವೇ.

ಕಾಫಿ ಸದಸ್ಯರು ಇಷ್ಟು ಹೊತ್ತಿಗೆ ಪುಟ ತಿರುವಿರಬಹುದು. ಅವರಿಗೆ ಒಂದೇ ಮಾತು. ಕಾಫಿ ಹೌಸ್ ಎಂಬುದೇ ಬೆಳೆಗಾರರ ತೆರಿಗೆ ದುಡ್ಡಿನಲ್ಲಿ, ಕಾಫಿ ಕುಡಿಯುವುದನ್ನು ಜನಕ್ಕೆ ರೂಢಿ ಮಾಡಿಸಲು, 1936ರಲ್ಲಿ ಬೊಂಬಾಯಿಯಲ್ಲಿ ಮೊದಲಾದದ್ದು. 1950ರ ದಶಕದಲ್ಲಿ ಮಂಡಳಿ ಅವನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ಆಯಿತು.

ಅಡಿಕೆಯ ಮಾತು ಹೇಳದೆ ಬಿಡುವಂತಿಲ್ಲ, ಹೇಳಿದರೆ ಸಿಟ್ಟಾಗುವವರು ಇದ್ದಾರೆಂಬುದೂ ಗೊತ್ತು. ಎಲೆ ಅಡಿಕೆ ಪ್ರಾಚೀನ, ಸಂಶಯವಿಲ್ಲ. ಆದರೆ ಇಂದು ನಮ್ಮ ಅಡಿಕೆಯ ಧಾರಣೆ ನಿಂತಿರುವುದು ಎಲೆಯ ಮೇಲಲ್ಲ, ಚೀಟಿನ ಮೇಲೆ. ಪಾನ್ ಮಸಾಲೆ ಕಾನ್ಪುರದ ಕಡೆಯಿಂದ ಡಬ್ಬಿಯಲ್ಲಿ ಬಂದದ್ದು 1970ರ ದಶಕದಲ್ಲಿ. ದೂರದರ್ಶನದಲ್ಲಿ ಅಶೋಕ್ ಕುಮಾರ್, ಶಮ್ಮಿ ಕಪೂರ್ ಬೀಗರಾಗಿ ಕೂತು ಪಾನ್ ಪರಾಗ್ ಕೇಳಿದ ಜಾಹೀರಾತು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಆಮೇಲೆ ಡಬ್ಬಿ ಹೋಗಿ ಚಿಲ್ಲರೆ ಕಾಸಿಗೆ ಸಿಗುವ ಚೀಟಾಯಿತು, ಹೊಗೆಸೊಪ್ಪು ಬೆರೆತು ಗುಟ್ಕಾ ಆಯಿತು. ಇದು ನನಗಿಂತ ಕಿರಿಯ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಯಲ್ಲಿ ಪ್ರಕಟಿಸಿತು. 2013ರಲ್ಲಿ ನಮ್ಮ ರಾಜ್ಯ ಗುಟ್ಕಾ ನಿಷೇಧಿಸಿತು. ಮಸಾಲೆ ಒಂದು ಚೀಟಿನಲ್ಲಿ, ಹೊಗೆಸೊಪ್ಪು ಇನ್ನೊಂದರಲ್ಲಿ ಜೋಡಿಯಾಗಿ ಮಾರಾಟಕ್ಕೆ ಬಂದವು. ಇಂಥ ಚೀಟನ್ನು ನಂಬಿ ನಮ್ಮ ಕಡೆ ಫಲ ಕೊಡುವ ತೆಂಗನ್ನು ಕಡಿಸಿ ಅಡಿಕೆ ಇಡುವವರನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನನ್ನ ತೋಟದಲ್ಲೂ ಅಡಿಕೆ ಇದೆ. ಅದರ ದುಡ್ಡಿನಲ್ಲೇ ಮಗಳ ಓದು ನಡೆಯಿತು. ಆದ್ದರಿಂದ ಉಪದೇಶವಲ್ಲ, ಲೆಕ್ಕದ ಮಾತು. ಕ್ಯಾಂಪ್ಕೋದವರು 1973ರಲ್ಲಿ ಅಡಿಕೆಗಾಗಿ ಹುಟ್ಟಿದರೂ, ತೋಟದ ನಡುವಿನ ಕೋಕೋವನ್ನು ಕೊಳ್ಳುವವರು ಹಿಂದೆ ಸರಿದಾಗ ತಾವೇ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದರು. ಅಡಿಕೆ ಬೆಳೆಗಾರರು ಮಿಠಾಯಿ ಮಾಡುವುದೇ ಎಂದು ಅಂದೂ ನಕ್ಕವರು ಇದ್ದಿರಬೇಕು.

ಉಂಡೆ ಕೊಬ್ಬರಿಯ ಧಾರಣೆ ಈ ಮೂರು ವರ್ಷ ಆಡಿದ ಆಟ ಎಲ್ಲರಿಗೂ ನೆನಪಿದೆ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿತ್ತು. 2024ರಲ್ಲಿ ಬೆಂಬಲ ಬೆಲೆಯ ಖರೀದಿಗೆ ಹೆಸರು ಬರೆಸಲು ಸರತಿಯಲ್ಲಿ ನಿಂತೆವು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದರೆ, ತಿಪಟೂರಿನ ಹರಾಜು 20,000 ದಾಟಿ ಮೇಲೆ ಹೋಯಿತು. ಎಷ್ಟೋ ಜನ ಅದಕ್ಕೆ ಮೊದಲೇ ಎಳನೀರಿಗೆ ಕೊಯ್ಯಿಸಿ ಅಟ್ಟ ಖಾಲಿ ಮಾಡಿಕೊಂಡಿದ್ದರು. ಬಿದ್ದದ್ದೇಕೆ, ಎದ್ದದ್ದೇಕೆ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ನಮ್ಮ ಕೈಯಲ್ಲಿ ಇರುವುದು ಒಂದೇ ಮಾಲು, ಒಂದೇ ದಾರಿ, ದೂರದ ಊರಿನ ಹಬ್ಬದ ಒಂದೇ ಪದ್ಧತಿ. ಅಲ್ಲಿಯ ಮದುವೆಗಳಲ್ಲಿ ನಾಳೆ ಕೊಬ್ಬರಿಗೆ ಬದಲು ಚಾಕೊಲೇಟ್ ಪೆಟ್ಟಿಗೆ ಕೊಡುವ ರೂಢಿ ಬಂದರೆ ಯಾವ ಕಛೇರಿಗೆ ಅರ್ಜಿ ಹಾಕುವುದು?

ಗಾಣಕ್ಕೂ ಇದ್ದಿಲಿಗೂ ಕೂಡಿ ಮೀಸಲು ನಿಧಿಯ ಐದರಲ್ಲೊಂದು ಭಾಗಕ್ಕಿಂತ ಹೆಚ್ಚು ಕೇಳುತ್ತಿಲ್ಲ. ಗಾಣಕ್ಕೆ ಒಡೆದ ಕೊಬ್ಬರಿ, ಸಣ್ಣ ಕೊಬ್ಬರಿ ಮಾತ್ರ. ಒಳ್ಳೆಯ ಉಂಡೆ ಎಂದಿನಂತೆ ಹರಾಜಿಗೆ ಹೋಗಲಿ. ಲೆಕ್ಕದ ಪ್ರತಿ ಕಛೇರಿಯಲ್ಲಿ ಇದೆ, ತಪ್ಪು ಕಂಡವರು ಸಭೆಗೆ ಮೊದಲೇ ತಿಳಿಸಿದರೆ ತಿದ್ದುತ್ತೇನೆ. ಬಾಟಲಿಯ ಆಕಾರದ ವಿಷಯ ಮಾತ್ರ ಈ ಬಾರಿ ನನ್ನ ಕೈಗೆ ಕೊಡಬೇಡಿ. ಮೂವರು ಸದಸ್ಯರ ಉಪಸಮಿತಿ ನಿಶ್ಚಯಿಸಲಿ. ಹಳೆಯ ಚೌಕ ಡಬ್ಬಿಗಳಲ್ಲಿ ಹನ್ನೊಂದು ಇನ್ನೂ ಗೋದಾಮಿನ ಅಟ್ಟದ ಮೇಲಿವೆ. ಮಹಾಸಭೆಯ ದಿನ ಅವನ್ನು ಕೆಳಗಿಳಿಸಿ ಬಾಗಿಲ ಬಳಿಯ ಮೇಜಿನ ಮೇಲೆ ಇಡಿಸುತ್ತೇನೆ. ಮೂಲೆಗಳಲ್ಲಿ ಹಲ್ಲಿನ ಗುರುತು ಚೆನ್ನಾಗಿ ಕಾಣುತ್ತದೆ.